ಬಾರದೇ ಹೋದ ಆರನೇ ರೌಂಡ್

ಭಾನುವಾರ ರಾತ್ರಿ ಎಂಟೂವರೆಗೆ ಸರ್ವರ್ ತೆರೆಯುತ್ತಿತ್ತು. ನಾನು ಎಂಟು ಇಪ್ಪತ್ತಕ್ಕೇ ಕೂತಿದ್ದೆ. ಕೈಗೆ ಗ್ಲೌಸ್ ಹಾಕಿ, ಟೇಬಲ್ ಫ್ಯಾನನ್ನು ಮುಖಕ್ಕೆ ತಿರುಗಿಸಿ, ಪೆಡಲ್ ಹಿಂದಕ್ಕೆ ಜಾರದ ಹಾಗೆ ಗೋಡೆಗೆ ಒಂದು ಮರದ ಹಲಗೆ ಕೊಟ್ಟು ಕಾಯುತ್ತಿದ್ದೆ. ಇದು 2024ರ ಆಗಸ್ಟ್ ತಿಂಗಳ ಮಾತು. ನಮ್ಮದು ಮನೆಯಲ್ಲೇ ಕೂತು, ಸ್ಟೀರಿಂಗ್ ಹಿಡಿದು, ಕಂಪ್ಯೂಟರಿನಲ್ಲಿ ಓಡಿಸುವ ಆನ್‌ಲೈನ್ ಕಾರ್ ರೇಸ್. ಬೆಲ್ಜಿಯಂನ ಸ್ಪಾ ಟ್ರ್ಯಾಕ್, ಒಂದು ಗಂಟೆಯ ರೇಸ್, ನಮ್ಮ ಸೀರೀಸಿನ ಐದನೇ ರೌಂಡ್. ಪರದೆಯ ಎಡಗಡೆ ಹೆಸರುಗಳು ಒಂದೊಂದಾಗಿ ಬರತೊಡಗಿದವು. ಮೂರು. ಐದು. ಒಂಬತ್ತು. 11ಕ್ಕೆ ನಿಂತುಬಿಟ್ಟಿತು.

ಇನ್ನೂ ಬರಬಹುದು ಅಂತ ಕಾದೆ. ಪ್ರಾಕ್ಟೀಸ್ ಮುಗಿಯಿತು, ಯಾರು ಮುಂದೆ ನಿಂತು ಹೊರಡಬೇಕು ಅಂತ ಗೊತ್ತುಮಾಡುವ ಕ್ವಾಲಿಫೈಯಿಂಗ್ ಶುರುವಾಯಿತು. 11 ಹನ್ನೊಂದಾಗಿಯೇ ಉಳಿಯಿತು.

2021ರಲ್ಲಿ ಇದೇ ಸೀರೀಸಿಗೆ 58 ಜನ ಹೆಸರು ಕೊಟ್ಟಿದ್ದೆವು. ಒಂದೇ ಗ್ರಿಡ್ಡಿನಲ್ಲಿ, ಅಂದರೆ ಒಟ್ಟಿಗೆ ಹೊರಡುವ ಕಾರುಗಳ ಸಾಲಿನಲ್ಲಿ, ಹಿಡಿಸದೆ ಎರಡು ಮಾಡಬೇಕಾಗಿತ್ತು. ಮೇಲಿನ ಗ್ರಿಡ್ಡಿಗೆ ಹೋಗೋಕೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಾಗಿ ರಾತ್ರಿಯೆಲ್ಲ ಒದ್ದಾಡುತ್ತಿದ್ದೆವು.

ನಾನು ಈ ಆಟಕ್ಕೆ ಬಂದದ್ದು ಜನತಾ ಕರ್ಫ್ಯೂ ದಿನ. 2020ರ ಮಾರ್ಚ್ 22. ಸಂಜೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ಎಲ್ಲರೂ ತಟ್ಟೆ, ಜಾಗಟೆ ಬಾರಿಸಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಡುರಾತ್ರಿ ದಾಟಿದ ಮೇಲೆ ಯೂಟ್ಯೂಬಿನಲ್ಲಿ ಫಾರ್ಮುಲಾ ಒನ್‌ನವರು ಬಹ್ರೇನ್ ರೇಸನ್ನು ಕಂಪ್ಯೂಟರಿನಲ್ಲೇ ನಡೆಸಿದರು. ನಿಜವಾದ ಬಹ್ರೇನ್ ರೇಸ್ ಕೊರೋನಾ ಕಾರಣಕ್ಕೆ ನಿಂತಿತ್ತು. ಫಾರ್ಮುಲಾ ಒನ್ ಡ್ರೈವರ್ ಲ್ಯಾಂಡೋ ನಾರಿಸ್ ಇದ್ದರು, ಗೆದ್ದದ್ದು ಗ್ವಾನ್ಯು ಝೌ. ತಾಂತ್ರಿಕ ತೊಂದರೆ ಬೇಕಾದಷ್ಟಿತ್ತು. ಆದರೂ ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಷ್ಟು ದೊಡ್ಡ ಡ್ರೈವರುಗಳು ಮನೆಯಲ್ಲೇ ಕೂತು, ನಾನೂ ಕೊಳ್ಳಬಹುದಾದ ಆಟದಲ್ಲಿ ಓಡಿಸುತ್ತಿದ್ದರು. ನಿಜವಾದ ರೇಸ್ ಕಾರಿನ ಒಂದು ಟೈರ್ ಕೊಳ್ಳುವ ಶಕ್ತಿಯೂ ನಮ್ಮ ಮನೆಗಿರಲಿಲ್ಲ. ಆದರೆ ಒಂದು ಸ್ಟೀರಿಂಗ್ ಕೊಳ್ಳಬಹುದಿತ್ತು.

ಲಾಕ್‌ಡೌನ್ ಸಡಿಲವಾದ ಕೂಡಲೇ ಲಾಜಿಟೆಕ್ ಜಿ29 ಅನ್ನುವ ಸ್ಟೀರಿಂಗ್ ತರಿಸಿದೆ. ಅಪ್ಪನ ಹಳೇ ಆಫೀಸ್ ಟೇಬಲಿಗೆ ಬಿಗಿದೆ. ಜೂನ್ ತಿಂಗಳಲ್ಲಿ ಫ್ರಾನ್ಸಿನ ಹೆಸರಾಂತ ಲೆ ಮಾನ್ 24 ಗಂಟೆ ರೇಸನ್ನೂ ಕಂಪ್ಯೂಟರಿನಲ್ಲಿ ನಡೆಸಿದರು. 50 ಕಾರು, 200 ಡ್ರೈವರು. ಫಾರ್ಮುಲಾ ಒನ್‌ನ ವೆರ್ಸ್ಟಾಪನ್, ಅಲೋನ್ಸೋ, ಲೆಕ್ಲೇರ್ ಎಲ್ಲರೂ. ಅವರ ಪಕ್ಕದಲ್ಲೇ ಸಿಮ್ ರೇಸಿಂಗನ್ನೇ, ಅಂದರೆ ಈ ಕಂಪ್ಯೂಟರ್ ರೇಸನ್ನೇ, ಕಸುಬು ಮಾಡಿಕೊಂಡ ಹುಡುಗರು. ಕೆಲವು ಕಡೆ ಆ ಹುಡುಗರೇ ಮುಂದಿದ್ದರು! ಇದು ಸುಮ್ನೆ ಆಟ ಅಲ್ಲ ಅಂತ ನನಗೆ ಖಾತ್ರಿಯಾದದ್ದು ಅವತ್ತು.

ನಾವು ಓಡಿಸುತ್ತಿದ್ದದ್ದು ಅಸೆಟ್ಟೋ ಕೋರ್ಸಾ ಕಾಂಪಿಟಿಜಿಯೋನೆ. ಇಟಲಿಯ ಕುನೋಸ್ ಕಂಪನಿ 2019ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ ಆಟ. ಟ್ರ್ಯಾಕುಗಳನ್ನು ಲೇಸರಿನಿಂದ ಅಳೆದು ಮಾಡಿದ್ದಾರೆ. ರಸ್ತೆಯ ಉಬ್ಬುತಗ್ಗು ಕೂಡ ಸ್ಟೀರಿಂಗಿನಲ್ಲಿ ಕೈಗೆ ಹೊಡೆಯುತ್ತದೆ. ಟೈರಿನ ಗಾಳಿ ಬಿಸಿಯಾದ ಮೇಲೆ 26ರಿಂದ 27ರ ನಡುವೆ ಇರಬೇಕು. ಸ್ವಲ್ಪ ಜಾಸ್ತಿಯಾದರೂ ಕಾರು ತಿರುವಿನಲ್ಲಿ ಜಾರುತ್ತದೆ. ಸ್ಪಾದಲ್ಲಿ ಒಂದು ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು, 7 ಕಿಲೋಮೀಟರ್. ನಮ್ಮ ಜಿಟಿ3 ದರ್ಜೆಯ ರೇಸ್ ಕಾರುಗಳಲ್ಲಿ ಎರಡು ನಿಮಿಷ ಹದಿನೆಂಟು ಸೆಕೆಂಡಿನ ಆಸುಪಾಸು. ಒಂದು ಗಂಟೆ ಹೀಗೆ ಓಡಿಸಿದರೆ ಅಂಗಿ ಒದ್ದೆಯಾಗುತ್ತದೆ. ಕೆಳಗಿಳಿದಾಗ ಎಡಗಾಲು ನಡುಗುತ್ತಿರುತ್ತದೆ.

ಸೀರೀಸಿನಲ್ಲಿ ನಾವು ಒಬ್ಬರನ್ನೊಬ್ಬರು ಕಾರಿನ ನಂಬರಿನಿಂದಲೇ ಗುರುತಿಸುತ್ತಿದ್ದೆವು. ನಾನು 12. ನನ್ನ ಎದುರಾಳಿ ಅಂತ ಒಬ್ಬರನ್ನು ಹೇಳಬೇಕಾದರೆ ಅದು 47. ಹುಬ್ಬಳ್ಳಿಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮೂರು ವರ್ಷ ಪ್ರತಿ ರೇಸಿನಲ್ಲೂ ಒಂದೋ ನನ್ನ ಕನ್ನಡಿಯಲ್ಲಿ ಅವರ ಬಿಎಂಡಬ್ಲ್ಯು, ಇಲ್ಲ ನನ್ನ ಎದುರಿಗೆ ಅದರ ಹಿಂಬದಿಯ ದೀಪ. ಅವರು ಎಲ್ಲಿ ಬ್ರೇಕ್ ಒತ್ತುತ್ತಾರೆ, ಒತ್ತಡ ಬಂದಾಗ ಯಾವ ತಿರುವಿನಲ್ಲಿ ಅಗಲವಾಗಿ ಹೋಗುತ್ತಾರೆ, ನನಗೆ ಬಾಯಿಪಾಠ ಆಗಿತ್ತು. ಅವರ ಮುಖ ಮಾತ್ರ ನೋಡಿರಲಿಲ್ಲ.

ಮೊದಲ ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಯೂಟ್ಯೂಬಿನಲ್ಲಿ ನೇರಪ್ರಸಾರ, ಇಬ್ಬರು ಕಾಮೆಂಟರಿ ಹೇಳುವವರು, ರೇಸ್ ಮುಗಿದ ಮೇಲೆ ಗೆದ್ದ ಮೂವರ ಜೊತೆ ಮಾತುಕತೆ. ಅಮ್ಮ ಅಡುಗೆಮನೆ ಕೆಲಸ ಮುಗಿಸಿ ಮೊಬೈಲಿನಲ್ಲಿ ನೋಡುತ್ತಿದ್ದರು. ನಾನು ಪಕ್ಕದ ರೂಮಿನಲ್ಲೇ ಓಡಿಸುತ್ತಿದ್ದರೂ ಅವರಿಗೆ ಪರದೆಯಲ್ಲೇ ನೋಡಬೇಕು. ಹಸಿರು ಕಾರು ಮಗನದ್ದು ಅಂತ ಗೊತ್ತು. ಸ್ಪಾದ ಕೊನೆಯ ತಿರುವಿಗೆ ಬಸ್ ಸ್ಟಾಪ್ ಅಂತ ಹೆಸರು, ಹಿಂದೆ ಅಲ್ಲಿ ನಿಜವಾಗಿ ಬಸ್ ನಿಲ್ದಾಣ ಇತ್ತಂತೆ. ಆ ಹೆಸರು ಅಮ್ಮನಿಗೆ ಬಹಳ ಹಿಡಿಸಿತ್ತು. ರೇಸಿಗೆ ಮುಂಚೆ ಬಂದು "ಬಸ್ ಸ್ಟಾಪ್ ಹತ್ರ ಹುಷಾರು ಕಣೋ" ಅನ್ನುತ್ತಿದ್ದರು.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು, ಅಂದರೆ ಕಂಪ್ಯೂಟರ್, ಮೊಬೈಲ್ ಆಟಗಳ ಸ್ಪರ್ಧೆಯನ್ನು, ಕ್ರೀಡಾ ಇಲಾಖೆಯ ಕೆಳಗೆ ತಂದಿತು. ನಮ್ಮ ಗುಂಪಿನಲ್ಲಿ ಅವತ್ತು ಹಬ್ಬ. ಇನ್ನು ನಮ್ಮದೂ ಕ್ರೀಡೆ, ಇನ್ನು ಹೇಳಿಕೊಳ್ಳಬಹುದು ಅಂತ ಎಲ್ಲರೂ ಬರೆದರು. ಅಷ್ಟರಲ್ಲಿ ಕೆಳಗಿನಿಂದ ನೆಲ ಕುಸಿಯೋಕೆ ಶುರುವಾಗಿತ್ತು. ನಮಗೆ ಕಾಣಲಿಲ್ಲ.

ಒಂದೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಲೆ ಮಾನ್ ವರ್ಚುವಲ್ 24 ಗಂಟೆ ರೇಸ್ ನೋಡುತ್ತಾ ಕೂತಿದ್ದೆ. ಸರ್ವರ್ ತೊಂದರೆಯಿಂದ ರೇಸನ್ನು ಎರಡು ಸಲ ನಿಲ್ಲಿಸಿದರು. ಮುಂದಿದ್ದ ವೆರ್ಸ್ಟಾಪನ್ ಅವರ ಕಾರು ಸರ್ವರಿನಿಂದಲೇ ಕಳಚಿ ಬಿತ್ತು. ಅವರು ಸಿಟ್ಟಿನಲ್ಲಿ ರೇಸ್ ಬಿಟ್ಟರು. ಅವರ ಜೊತೆಗಾರರು ಎಷ್ಟೋ ವಾರ ತಯಾರಿ ಮಾಡಿರುತ್ತಾರೆ, ಅಲ್ವಾ? ಅವರ ನೆನಪಾಗಿ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ಬಹುಮಾನ 2,50,000 ಡಾಲರ್ ಇದ್ದ ಸರಣಿ ಅದು. ಅದೇ ಕೊನೆ, ಲೆ ಮಾನ್ ವರ್ಚುವಲ್ ಸೀರೀಸ್ ಆಮೇಲೆ ನಡೆಯಲೇ ಇಲ್ಲ.

ಕಾರಣ ಕಾಣದ್ದೇನಲ್ಲ. 2020ರಲ್ಲಿ ನಿಜವಾದ ರೇಸುಗಳು ನಿಂತಿದ್ದವು, ದುಡ್ಡು ಹಾಕುವವರಿಗೆ ಬೇರೆ ಜಾಗ ಇರಲಿಲ್ಲ, ನಮ್ಮ ಕಡೆ ಬಂದರು. ಫಾರ್ಮುಲಾ ಒನ್‌ನ ಇ-ಸ್ಪೋರ್ಟ್ಸ್ ಸರಣಿಗೆ ಆ ವರ್ಷ 7,50,000 ಡಾಲರ್ ಬಹುಮಾನ ಇತ್ತು. ರೇಸುಗಳು ಮತ್ತೆ ಶುರುವಾದ ಮೇಲೆ ದುಡ್ಡೂ ಟ್ರ್ಯಾಕಿಗೆ ವಾಪಸ್ ಹೋಯಿತು. ಮನೆಯಲ್ಲಿ ಕೂತಿದ್ದ ಜನ ಆಫೀಸಿಗೆ ಹೋದರು. ಫ್ಯಾನಟೆಕ್ ಸ್ಟೀರಿಂಗುಗಳನ್ನು ಮಾಡುತ್ತಿದ್ದ ಜರ್ಮನಿಯ ಎಂಡೋರ್ ಕಂಪನಿ 2024ರಲ್ಲಿ ದಿವಾಳಿ ಅರ್ಜಿ ಹಾಕಿತು, ಅದರ ಫ್ಯಾನಟೆಕ್ ವ್ಯವಹಾರವನ್ನು ಅಮೆರಿಕದ ಕೋರ್ಸೇರ್ ಕಂಪನಿ ಕೊಂಡಿತು. ನಮ್ಮ ದೇಶದಲ್ಲಂತೂ ಇ-ಸ್ಪೋರ್ಟ್ಸ್ ಅಂದರೆ ಮೊಬೈಲ್ ಆಟ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಒಳ್ಳೇ ಕಂಪ್ಯೂಟರು, ಸ್ಟೀರಿಂಗು, ಪೆಡಲು ಎಷ್ಟು ಮನೆಯಲ್ಲಿರುತ್ತದೆ?

ನಮ್ಮ ಸೀರೀಸ್ ಒಂದೇ ಏಟಿಗೆ ಬೀಳಲಿಲ್ಲ. ಮೊದಲು ಕೆಳಗಿನ ಗ್ರಿಡ್ ಹೋಯಿತು. ಆಮೇಲೆ ಕಾಮೆಂಟರಿ ಹೇಳುವವರು ಒಬ್ಬರಾದರು. 2022ರ ಬಹುಮಾನದ ಹಣ ಏಳು ತಿಂಗಳು ತಡವಾಗಿ ಬಂತು, 2023ರದ್ದು ಬರಲೇ ಇಲ್ಲ. ನೇರಪ್ರಸಾರ "ಈ ಒಂದು ರೌಂಡ್ ಮಾತ್ರ ಇರಲ್ಲ" ಅಂದರು. ಮತ್ತೆ ಯಾವ ರೌಂಡಿಗೂ ಇರಲಿಲ್ಲ. ಅಮ್ಮ ಫೋನ್ ಮಾಡಿ "ಇವತ್ತೂ ಬರಲ್ವೇನೋ?" ಅಂತ ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದೆ. ಮುಂದಿನ ಸಲ ಬರುತ್ತಮ್ಮ ಅನ್ನುತ್ತಿದ್ದೆ. ನಾನು ಹಾಗೇ ನಂಬಿದ್ದೆ ಕೂಡ.

ಆ ಆಗಸ್ಟ್ ರಾತ್ರಿ 11 ಕಾರುಗಳು ಹೊರಟವು. ಮೊದಲ ತಿರುವು ಲಾ ಸೂರ್ಸ್. 30 ಕಾರು ಇದ್ದಾಗ ಅಲ್ಲಿ ಉಸಿರು ಬಿಗಿ ಹಿಡಿಯಬೇಕು. ಅವತ್ತು ಎಲ್ಲರೂ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ಹೋದೆವು. ಮುಂದಿನ ಇಬ್ಬರು ಬೇಗ ದೂರವಾದರು. ನಾನು ಮೂರನೆಯವನು, ನನ್ನ ಹಿಂದೆ 47. ನಮ್ಮ ಹಿಂದೆ ತುಂಬ ದೂರದವರೆಗೆ ಯಾರೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಮೂವರು ಹೊರಬಿದ್ದರು. ಏಳು ಕಿಲೋಮೀಟರಿನಲ್ಲಿ ಎಂಟು ಕಾರು.

ಆದರೆ ನಮ್ಮಿಬ್ಬರಿಗೆ ಅದು ತುಂಬಿದ ಟ್ರ್ಯಾಕೇ ಆಗಿತ್ತು. ಟೈರು, ಪೆಟ್ರೋಲಿಗೆ ಕಾರು ನಿಲ್ಲಿಸುವ ಪಿಟ್ ಸ್ಟಾಪಿಗೂ ಒಂದೇ ಲ್ಯಾಪಿನಲ್ಲಿ ಹೋದೆವು, ಒಟ್ಟಿಗೇ ಹೊರಗೆ ಬಂದೆವು. ನಮ್ಮ ನಡುವೆ ಅರ್ಧ ಸೆಕೆಂಡ್. ಕೊನೆಯ ಹದಿನೈದು ನಿಮಿಷ ಇದ್ದಾಗ ಗಾಜಿನ ಮೇಲೆ ಹನಿ ಬಿತ್ತು. ಮಳೆ ಟೈರಿಗೆ ಹೋಗಬೇಕಾ ಬೇಡವಾ? ನಾನು ಪಿಟ್ ದಾರಿ ದಾಟಿ ಮುಂದೆ ಹೋದೆ. ಕನ್ನಡಿ ನೋಡಿದೆ. ಅವರೂ ಬಂದರು. ಒಣ ಟೈರಿನಲ್ಲಿ, ಒದ್ದೆಯಾಗುತ್ತಿರುವ ಸ್ಪಾದಲ್ಲಿ, ಇಬ್ಬರೂ. ಓ ರೂಜ್ ಏರು ಹತ್ತುವಾಗ ಕಾರಿನ ಹಿಂಭಾಗ ಪ್ರತಿ ಸಲ ಒಂದಿಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಅಂಗೈ ಬೆವರುತ್ತಿತ್ತು. ಪೂಹೋನ್ ಇಳಿಜಾರಿನ ಎರಡು ಎಡತಿರುವುಗಳಲ್ಲಿ ಅವರ ದೀಪದ ಬೆಳಕು ನನ್ನ ಕನ್ನಡಿ ಪೂರ್ತಿ ತುಂಬಿತು.

ಕೊನೇ ಲ್ಯಾಪ್. ಕೆಮೆಲ್ ಅನ್ನುವ ಉದ್ದನೆಯ ನೇರ ರಸ್ತೆಯಲ್ಲಿ ಅವರು ಪಕ್ಕಕ್ಕೆ ಬಂದರು. ಬ್ರೇಕ್ ಒತ್ತುವ ಜಾಗದಲ್ಲಿ ಇಬ್ಬರೂ ಒತ್ತಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೇ ಒತ್ತಿದೆವು. ನಾನು ಉಳಿಸಿಕೊಂಡೆ. ಬ್ಲಾಂಶಿಮೋನ್ ತಿರುವಿನಲ್ಲಿ ಮತ್ತೆ ಪಕ್ಕಪಕ್ಕ. ಅಲ್ಲಿ ಕಾರುಗಳು ಗಂಟೆಗೆ 200 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿರುತ್ತವೆ, ರಸ್ತೆ ಒದ್ದೆ. ಅವರು ನನಗೆ ಸರಿಯಾಗಿ ಒಂದು ಕಾರಿನಷ್ಟು ಜಾಗ ಬಿಟ್ಟರು. ಒಂದು ಅಂಗುಲ ಹೆಚ್ಚಿಲ್ಲ, ಒಂದು ಅಂಗುಲ ಕಮ್ಮಿ ಇಲ್ಲ. ಮೂರು ವರ್ಷದ ಪರಿಚಯ ಅಂದರೆ ಅದು. ಬಸ್ ಸ್ಟಾಪಿನಲ್ಲಿ ನಾನು ತುಸು ತಡವಾಗಿ ಬ್ರೇಕ್ ಹಿಡಿದೆ, ಕಾರು ಅಗಲಕ್ಕೆ ಹೋಯಿತು. ಅವರು ಒಳಗಿನಿಂದ ನುಸುಳಿದರು. ಗೆರೆ ದಾಟುವಾಗ ಅವರ ಮೂತಿ ಮುಂದಿತ್ತು.

ಹೆಡ್‌ಫೋನಿನಲ್ಲಿ ಅವರ ಏದುಸಿರು ಕೇಳುತ್ತಿತ್ತು. "ಏನ್ ಓಡಿಸಿದ್ರೀ! ಕೈ ಇನ್ನೂ ನಡಗಾಕತ್ತಾವ ನೋಡ್ರಿ" ಅಂದರು. ನಾನು ಸೋತಿದ್ದೆ, ಆದರೆ ಎದೆ ತುಂಬಿ ಬಂದಿತ್ತು. ನಾನು ಓಡಿಸಿದ ರೇಸುಗಳಲ್ಲೆಲ್ಲ ಅದೇ ಒಳ್ಳೆಯದು. ಅದನ್ನು ನೋಡಿದವರು ಯಾರೂ ಇಲ್ಲ. ಕಾಮೆಂಟರಿ ಇಲ್ಲ, ಪ್ರಸಾರ ಇಲ್ಲ. ಫಲಿತಾಂಶದ ಪಟ್ಟಿಯಲ್ಲಿ ನಾಲ್ಕನೇ ರೌಂಡಿನ ಅಂಕಗಳೇ ಇನ್ನೂ ಹಾಕಿರಲಿಲ್ಲ, ಐದನೆಯದು ಬರಲೇ ಇಲ್ಲ. ಆ ಲ್ಯಾಪ್ ನಮ್ಮಿಬ್ಬರ ನೆನಪಿನಲ್ಲಿ ಮಾತ್ರ ಇದೆ.

ಆರನೇ ರೌಂಡ್ ಆಸ್ಟ್ರೇಲಿಯಾದ ಬಾತರ್ಸ್ಟ್. 23 ತಿರುವು, ಬೆಟ್ಟದ ಮೇಲೆ ಹತ್ತಿ ಇಳಿಯುವ ಟ್ರ್ಯಾಕ್, ಎರಡೂ ಕಡೆ ಗೋಡೆ. ನಾನು ಮೂರು ವಾರ ದಿನಾ ರಾತ್ರಿ ಅಭ್ಯಾಸ ಮಾಡಿದೆ. 200 ಲ್ಯಾಪ್ ಮೇಲಾಯಿತು. ಮೊದಲು ಒಂದು ವಾರ ಮುಂದಕ್ಕೆ ಹಾಕಿದರು. ಮತ್ತೆ ಎರಡು ವಾರ. ಆಮೇಲೆ "ತಾರೀಕು ತಿಳಿಸುತ್ತೇವೆ" ಅಂತ ಒಂದು ಸಾಲು. ಆಮೇಲೆ ಏನೂ ಇಲ್ಲ. ನಡೆಸುತ್ತಿದ್ದವರು ಹಗಲು ಕೆಲಸ ಮಾಡಿ ರಾತ್ರಿ ಇದನ್ನು ನೋಡಿಕೊಳ್ಳುತ್ತಿದ್ದ ಹುಡುಗರು. ತಮ್ಮ ಕೈಯಿಂದ ಸರ್ವರಿಗೆ ದುಡ್ಡು ಹಾಕಿದ್ದಾರೆ ಅಂತಲೂ ಕೇಳಿದ್ದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಹುಮಾನ ಬರದಿದ್ದರೂ ಪರವಾಗಿಲ್ಲ. ಆದರೆ ಮುಗಿಯಿತು ಅಂತ ಒಂದು ಮಾತು ಹೇಳಬೇಕಿತ್ತು. ಸ್ಪಾನೇ ಕೊನೆ ಅಂತ ಗೊತ್ತಿದ್ದರೆ ಬಿಟ್ಟುಹೋದ ಎಷ್ಟೋ ಜನರಿಗೆ ನಾನೇ ಫೋನ್ ಮಾಡಿ ಕರೆಯುತ್ತಿದ್ದೆ. 30 ಕಾರು ನಿಲ್ಲಿಸುತ್ತಿದ್ದೆವು. ಅಮ್ಮನಿಗೆ ಹೇಗಾದರೂ ಮಾಡಿ ತೋರಿಸುತ್ತಿದ್ದೆ.

ಡಿಸೆಂಬರಿನಲ್ಲಿ 47 ಫೋನ್ ಮಾಡಿದರು. ಸ್ಟೀರಿಂಗ್ ಮಾರುತ್ತಿದ್ದಾರಂತೆ, ಕೊಳ್ಳುವವನು ಬೆಂಗಳೂರಿನ ಹುಡುಗ, ತಾವೇ ತಂದು ಕೊಡುತ್ತಾರಂತೆ. ಮೆಜೆಸ್ಟಿಕ್ಕಿನ ಹತ್ತಿರ ಒಂದು ಹೋಟೆಲಿನಲ್ಲಿ ಸಿಕ್ಕೆವು. ಅವತ್ತೇ ಮೊದಲ ಸಲ ಮುಖ ನೋಡಿದ್ದು. ದಪ್ಪ ಕನ್ನಡಕ, ಮೆತ್ತಗಿನ ದನಿ. ಕಾಫಿ ಲೋಟಗಳನ್ನೇ ಕಾರು ಮಾಡಿಕೊಂಡು ಬ್ಲಾಂಶಿಮೋನಿನ ಆ ತಿರುವನ್ನು ಮತ್ತೆ ಓಡಿಸಿದೆವು. "ಅಲ್ಲಿ ನಿಮ್ಮನ್ನ ನಂಬಿದ್ದೆ ನೋಡ್ರಿ, ಬೇರೇ ಯಾರರ ಇದ್ರ ಬ್ರೇಕ್ ಹಿಡೀತಿದ್ದೆ" ಅಂದರು. ಯಾಕೆ ಮಾರುತ್ತಿದ್ದೀರಿ ಅಂತ ನಾನು ಕೇಳಲಿಲ್ಲ.

ಆ ಹುಡುಗ ಬಂದ. ಇಂಜಿನಿಯರಿಂಗ್ ಎರಡನೇ ವರ್ಷವಂತೆ. ಮೂರು ತಿಂಗಳು ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು ತಂದಿದ್ದ. 47 ಅವನಿಗೆ ಬ್ರೇಕ್ ಪೆಡಲಿನ ಒಳಗಿನ ರಬ್ಬರ್ ಎಷ್ಟು ಗಟ್ಟಿ, ಅದಕ್ಕೆ ಕಾಲು ಹೇಗೆ ಒಗ್ಗಿಸಬೇಕು ಅಂತ ಸಮಾಧಾನವಾಗಿ ತೋರಿಸಿದರು. ಹುಡುಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡ. ಆಮೇಲೆ ನಮ್ಮಿಬ್ಬರ ಮುಖ ನೋಡಿ ಕೇಳಿದ, "ಅಣ್ಣಾ, ಈಗ ಯಾವ ಸೀರೀಸಿಗೆ ಹೆಸರು ಕೊಡಬೇಕು?"

47 ತಮ್ಮ ಲೋಟ ನೋಡುತ್ತಾ ಕೂತರು.

"ಭಾನುವಾರ ರಾತ್ರಿ ಎಂಟೂವರೆಗೆ ನಾನಿರ್ತೀನಿ, ಬಾ" ಅಂದೆ. "ಸ್ಪಾದಿಂದ ಶುರು ಮಾಡೋಣ."