ಹನ್ನೊಂದನೆಯ ಸಾಲು

ಅಂದಾಜು ಪಟ್ಟಿಯ ಹನ್ನೊಂದನೆಯ ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿದವಳು ನಾನೇ. 'ಕಾಮಗಾರಿ ಮುಗಿಯುವವರೆಗೆ ಕಟ್ಟಡದ ಮೇಲೆ ತಾತ್ಕಾಲಿಕ ತಗಡಿನ ಚಪ್ಪರ' ಎಂದು ಅದರಲ್ಲಿತ್ತು. ಅದನ್ನೇ ತೆಗೆಯಿರಿ ಎಂದು ಯಾರೂ ನನಗೆ ಹೇಳಿರಲಿಲ್ಲ. ಮೊತ್ತ ಮಿತಿ ದಾಟಿತ್ತು, ನನ್ನ ಮೇಲಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಸಾಹೇಬರು "ಎಲ್ಲಾದರೂ ಸ್ವಲ್ಪ ಇಳಿಸಿಕೊಂಡು ಬನ್ನಿ" ಎಂದಿದ್ದರು, ಅಷ್ಟೆ. ಎಲ್ಲಿ ಇಳಿಸಬೇಕೆಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಆ ಸಾಲು. ಇಲಾಖೆಯ ದರಪಟ್ಟಿಯಾದ ಎಸ್‌.ಆರ್‌.ನಲ್ಲಿ ಅದಕ್ಕೆ ದರವಿಲ್ಲ, ಮೂರು ಕೊಟೇಶನ್ ತರಿಸಬೇಕು, ನಾಳೆ ಆಡಿಟ್‌ನವರು ಬಂದು "ಚಪ್ಪರ ಎಲ್ಲಿದೆ, ತೋರಿಸಿ" ಎಂದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಹೊಡೆದು ಹಾಕಿದೆ. ಕಡತ ಮುಂದೆ ಹೋಯಿತು.

ಕಟ್ಟಡ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಹಳೆಯ ಕಚೇರಿ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ, ಛಾವಣಿ ಹೊರುವ ತೇಗದ ಟ್ರಸ್‌ಗಳು, ಮೇಲೆ ಮಂಗಳೂರು ಹೆಂಚು. ಪೂರ್ವದ ಭಾಗದಲ್ಲಿ ರೆಕಾರ್ಡು ಕೊಠಡಿ, ಅದರಲ್ಲಿ ರುಮಾಲು ಕಟ್ಟಿದ ಕಂದಾಯದ ಪುಸ್ತಕಗಳು. ಸುತ್ತಮುತ್ತ ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕ ಇರಲಿಲ್ಲವಾದ್ದರಿಂದ ಕಟ್ಟಡ ಕೆಲಸಕ್ಕೆ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ಲೆಕ್ಕ ನಮಗೆ ತಾಗಲಿಲ್ಲ. ಶಿರಾದಲ್ಲಿ ಮಲಿಕ್ ರಿಹಾನ್ ಗೋರಿಯ ಆಸುಪಾಸಿನಲ್ಲಿ ಮನೆ ರಿಪೇರಿ ಮಾಡಿಸುವವರನ್ನು ಕೇಳಿದರೆ ಆ ಲೆಕ್ಕ ಏನೆಂದು ಹೇಳುತ್ತಾರೆ. ನಮಗೆ ಬಂದ ಅನುಮತಿಯಲ್ಲಿದ್ದ ಮುಖ್ಯ ಷರತ್ತು ಒಂದೇ: ಇದ್ದ ಸಾಮಗ್ರಿ, ಇದ್ದ ಇಳಿಜಾರು, ಇದ್ದ ರೂಪ.

ಸಮೀಕ್ಷೆಗೆ ಹೋದ ಮೊದಲ ದಿನವೇ ಒಂದು ತಪ್ಪು ಮಾಡಿದ್ದೆ. ಸೂರಿನಿಂದ ಜಾರಿ ಬಿದ್ದಿದ್ದ ಹೆಂಚೊಂದನ್ನು ತಿರುಗಿಸಿ ನೋಡಿದಾಗ ಬಾಸೆಲ್ ಮಿಷನ್ನಿನ ಮುದ್ರೆ, ಪಕ್ಕದಲ್ಲಿ 1865 ಎಂಬ ಅಂಕಿ. ಸಂತೋಷದಿಂದ ಟಿಪ್ಪಣಿಯಲ್ಲಿ 'ಛಾವಣಿಯ ಕಾಲ: 1865' ಎಂದು ಬರೆದೆ. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಎಷ್ಟೋ ದಶಕ ಕಳೆದು ಸುಟ್ಟ ಹೆಂಚಿನ ಮೇಲೂ ಅದೇ ಅಂಕಿ ಇರುತ್ತದೆ. ಕಟ್ಟಡದ ವಯಸ್ಸನ್ನು ಹೆಂಚಿನ ಬೆನ್ನಿನ ಮೇಲೆ ಓದಬಾರದೆಂದು ಪುರಾತತ್ವದ ಹಿರಿಯರೊಬ್ಬರು ತಿದ್ದಿದರು. ಆ ತಪ್ಪಿನಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಅದೇ ಆತುರ ಮುಂದೆಯೂ ನನ್ನ ಜೊತೆಗೇ ಬಂತು.

ಛಾವಣಿಯನ್ನು ನಾನು ನೋಡಿದ್ದು ಕೆಳಗೆ ನಿಂತು. ಮರದ ಮೇಲೆಲ್ಲ ಗೆದ್ದಲಿನ ಮಣ್ಣಿನ ದಾರಿಗಳು, ಗೋಡೆಯ ಮೇಲೆ ನೀರಿಳಿದ ಗೆರೆಗಳು, ಹೆಂಚಿನ ಸಂದಿಯಲ್ಲಿ ಆಕಾಶ. 'ಮರಮುಟ್ಟು ಸಂಪೂರ್ಣ ಬದಲಾವಣೆ' ಎಂದು ಬರೆದೆ. ಹಾಗೆ ಬರೆಯುವುದು ಸುಲಭ, ಲೆಕ್ಕ ಹಾಕುವುದೂ ಸುಲಭ. ಉದ್ದ, ಅಗಲ, ದರ.

ಕೆಲಸ ಶುರುವಾಗುವ ವಾರ ಗುತ್ತಿಗೆದಾರರ ಕಡೆಯ ಮೇಸ್ತ್ರಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಏಣಿ ಹಾಕಿಸಿ ಅಟ್ಟಕ್ಕೆ ಹತ್ತಿದರು, ನನ್ನನ್ನೂ ಹತ್ತಿಸಿದರು. ಜೇಬಿನಿಂದ ದಬ್ಬಳ ತೆಗೆದು ಟ್ರಸ್ಸಿನ ಮರಕ್ಕೆ ಮೊಳಕ್ಕೊಂದರಂತೆ ಚುಚ್ಚುತ್ತ ಹೋದರು. ನಡುವಿನಲ್ಲಿ ದಬ್ಬಳದ ಮೊನೆ ಕೂದಲಷ್ಟೂ ಇಳಿಯಲಿಲ್ಲ. ಗೋಡೆಯೊಳಗೆ ಕೂತ ತುದಿಗೆ ಬಂದಾಗ ಬೆಣ್ಣೆಯಲ್ಲಿ ಇಳಿದಂತೆ ಹಿಡಿಯವರೆಗೂ ಹೋಯಿತು. ಎಳೆದಾಗ ಮೊನೆಗೆ ಕಂದು ಪುಡಿ ಅಂಟಿಕೊಂಡು ಬಂತು, ಒದ್ದೆಯಾಗಿತ್ತು. ಹಿಂದೆ ಯಾವಾಗಲೋ ರಿಪೇರಿ ಮಾಡಿದವರು ಮರದ ತುದಿಯ ಸುತ್ತ ಇದ್ದ ಗಾರೆ ಕಿತ್ತು ಸಿಮೆಂಟು ತುಂಬಿದ್ದರು. ಗಾರೆಯಾಗಿದ್ದರೆ ಒಳಗೆ ಸೇರಿದ ತೇವ ಆರಿಹೋಗುತ್ತಿತ್ತು. ಸಿಮೆಂಟಿನೊಳಗೆ ಅದು ಉಳಿದು ಮರವನ್ನು ತಿಂದಿತ್ತು.

"ಅಮ್ಮ, ಈ ಮರ ಇನ್ನೂ ನೂರು ವರ್ಷ ಇರುತ್ತದೆ. ತುದಿ ಮಾತ್ರ ಹೋಗಿದೆ. ಎರಡೆರಡು ಅಡಿ ಕತ್ತರಿಸಿ ಹೊಸ ತುಂಡು ಕೂಡಿಸಿದರೆ ಸಾಕು" ಎಂದರು. ಆಮೇಲೆ ಹೆಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿದರು. ಗಟ್ಟಿ ಹೆಂಚು ಕಂಚಿನ ಪಾತ್ರೆಯಂತೆ ಖಣ್ ಎನ್ನುತ್ತದೆ, ಬಿರುಕು ಬಿಟ್ಟಿದ್ದರೆ ಸಪ್ಪೆ ಸದ್ದು. ಹೆಂಚಿಗೆ ಭಾರತೀಯ ಮಾನಕ ಐಎಸ್ 654ರ ಪರೀಕ್ಷೆಗಳಿವೆ, ನೀರು ಹೀರುವುದನ್ನೂ ಭಾರ ತಡೆಯುವುದನ್ನೂ ಪ್ರಯೋಗಾಲಯದಲ್ಲಿ ನೋಡುತ್ತಾರೆ, ಅವೆಲ್ಲ ಬೇಕು. ಆದರೆ ಆ ಅಟ್ಟದಲ್ಲಿ ಕೂತು ನನ್ನ ಕಿವಿಯೂ ಅರ್ಧ ಗಂಟೆಯಲ್ಲಿ ಪಳಗಿತು. ಮುಕ್ಕಾಲು ಪಾಲು ಹೆಂಚು ಗಟ್ಟಿಯಾಗಿತ್ತು. ಬೇರೆ ಕಾರ್ಖಾನೆಯ ಹೊಸ ಹೆಂಚನ್ನು ಇವುಗಳ ನಡುವೆ ಸೇರಿಸಿದರೆ ಅಂಚಿನ ತೋಡಿಗೆ ತೋಡು ಕೂರುವುದಿಲ್ಲವೆಂದೂ ಅವರೇ ಎರಡನ್ನು ಜೋಡಿಸಿ ತೋರಿಸಿದರು. ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು.

ಅವರು ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. "ಭರಣಿ ಮಳೆ ಹತ್ತಿರ ಬಂತು. ತೆಗೆದಷ್ಟನ್ನು ಅಂದೇ ಮುಚ್ಚಿಕೊಂಡು ಹೋಗೋಣ."

ಕೆಲಸದ ವೇಳಾಪಟ್ಟಿಯಾದ ನನ್ನ ಬಾರ್ ಚಾರ್ಟಿನಲ್ಲಿ ಏಪ್ರಿಲ್ ಮತ್ತು ಮೇ ಪೂರ್ತಿ ಒಣ ತಿಂಗಳುಗಳು. ಮುಂಗಾರು ಜೂನ್‌ಗೆ, ನಮ್ಮ ಜಿಲ್ಲೆಗೆ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪುಸ್ತಕದ ಪ್ರಕಾರ ಸರಿಯೇ. ಜನವರಿಯಲ್ಲಿ ಆಗಬೇಕಿದ್ದ ಕೆಲಸವದು. ಟೆಂಡರು, ಮರುಟೆಂಡರು, ಮಾರ್ಚ್ ಕೊನೆಯ ಹಣ ಬಿಡುಗಡೆಯ ಎಲ್‌ಒಸಿ ಗಲಾಟೆ ಎಲ್ಲ ಮುಗಿದು ವರ್ಕ್ ಆರ್ಡರ್ ಕೈಗೆ ಬಂದದ್ದು ಯುಗಾದಿ ಕಳೆದ ಮೇಲೆ. ಹಣ ಲ್ಯಾಪ್ಸ್ ಆಗದಿದ್ದರೆ ಸಾಕೆಂದು ಮೇಲಿನವರೆಲ್ಲ ನಿಟ್ಟುಸಿರು ಬಿಟ್ಟರು. ಹಣದ ವರ್ಷ ಮಾರ್ಚ್‌ಗೆ ಮುಗಿಯುತ್ತದೆ ಎಂಬುದನ್ನು ಇಡೀ ವ್ಯವಸ್ಥೆ ನೆನಪಿಟ್ಟುಕೊಂಡಿದೆ. ಛಾವಣಿ ತೆರೆಯುವುದಕ್ಕೂ ಒಂದು ಕಾಲವಿದೆ ಎಂಬುದು ಯಾವ ಸುತ್ತೋಲೆಯಲ್ಲೂ ಇಲ್ಲ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೂ ಬಾರ್ ಚಾರ್ಟ್ ಬರೆದದ್ದು ನನ್ನ ಕೈ. ಅಶ್ವಿನಿ, ಭರಣಿ ಮಳೆಗಳ ಹೆಸರು ಕೇಳಿಕೊಂಡೇ ಬೆಳೆದವಳು ನಾನು.

ರೆಕಾರ್ಡು ಕೊಠಡಿ ಖಾಲಿ ಮಾಡಿಕೊಡಿ ಎಂದು ಒಂದು ಪತ್ರ ಬರೆದಿದ್ದೆ. ಜಾಗವಿಲ್ಲವೆಂದು ಉತ್ತರ ಬಂತು. ಎರಡನೆಯ ಪತ್ರ ಬರೆಯಲಿಲ್ಲ, ಖುದ್ದಾಗಿ ಹೋಗಿ ಕೇಳಲೂ ಇಲ್ಲ. ನೀಲಿ ಟಾರ್ಪಾಲಿನ್ ಇದೆಯಲ್ಲ ಎಂದುಕೊಂಡೆ.

ಏಪ್ರಿಲ್ ಕೊನೆಯ ವಾರ ಪೂರ್ವದ ಭಾಗದ ಹೆಂಚು ಇಳಿಸಲು ತೊಡಗಿದರು. 140 ಚದರ ಮೀಟರ್ ಛಾವಣಿ. ಚದರ ಮೀಟರಿಗೆ ಸುಮಾರು ಹದಿನೈದು ಹೆಂಚು, ಒಂದೊಂದು ಎರಡೂವರೆ ಕಿಲೋ ಎಂದರೂ ಐದು ಟನ್ನಿಗೆ ಮೇಲಾಯಿತು. ಒಂದೇ ಕಡೆಯ ಭಾರ ತೆಗೆದರೆ ಟ್ರಸ್ ವಾಲುತ್ತದೆಂದು ನೆತ್ತಿಯಿಂದ ಎರಡೂ ಬದಿಗೆ ಸಮವಾಗಿ ಇಳಿಸಿಕೊಂಡು ಬರುವಂತೆ ಮೇಸ್ತ್ರಿ ನೋಡಿಕೊಂಡರು. ಅವರ ಲೆಕ್ಕ ದಿನಕ್ಕೆ ಒಂದು ಅಂಕಣ, ಅಂದರೆ ಎರಡು ಟ್ರಸ್ಸುಗಳ ನಡುವಿನ ಭಾಗ. ಆದರೆ ಇಳಿಸುವ ಆಳುಗಳಿಗೆ ಮರುದಿನ ಬೇರೆ ಊರಿನಲ್ಲಿ ಕೆಲಸವಿತ್ತು. "ಇಂದೇ ಪೂರ್ತಿ ಇಳಿಸಿಬಿಡುತ್ತೇವೆ" ಎಂದರು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಮೊಬೈಲ್ ನೋಡಿದೆ, ಮಳೆಯ ಸೂಚನೆ ಇರಲಿಲ್ಲ. "ಆಗಲಿ" ಎಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಐದು ಅಂಕಣವೂ ಬರಿದಾಯಿತು. ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮೇಲಿನಿಂದ ಶಹಬ್ಬಾಸ್ ಬಂತು.

ಮೂರೂವರೆಗೆ ಗಾಳಿ ನಿಂತಿತು. ಎಲೆ ಅಲುಗದ ಸೆಕೆ. ಮಧುಗಿರಿ ದಿಕ್ಕಿನಿಂದ ಮೋಡ ಎದ್ದದ್ದನ್ನು ಮೊದಲು ನೋಡಿದವರು ವರಾಂಡದಲ್ಲಿ ಅರ್ಜಿ ಹಿಡಿದು ಕೂತಿದ್ದ ಹಳ್ಳಿಯ ಹೆಂಗಸರು. "ಬಂತು ಬಂತು" ಎಂದು ಎದ್ದರು. ಹತ್ತು ನಿಮಿಷ ಕಳೆದಿರಲಾರದು. ಕೆಂಪು ಧೂಳು ಅಂಗಳವನ್ನೆಲ್ಲ ಗುಡಿಸಿಕೊಂಡು ಬಂದು ಕಣ್ಣಿಗೆ ನುಗ್ಗಿತು. ಟಾರ್ಪಾಲಿನ್ನನ್ನು ನೈಲಾನ್ ಹಗ್ಗದಲ್ಲಿ ಹೆಂಚು ಕೂರಿಸುವ ಮರದ ಪಟ್ಟಿಗಳಾದ ರೀಪರ್‌ಗಳಿಗೇ ಕಟ್ಟಿದ್ದರು, ಗೆದ್ದಲು ತಿಂದ ರೀಪರ್‌ಗಳಿಗೆ. ಗಾಳಿ ಅದರ ಹೊಟ್ಟೆಯೊಳಗೆ ಹೊಕ್ಕಿತು. ಒಂದು ಮೂಲೆ ಬಿಚ್ಚಿತು. ಆಮೇಲೆ ರೀಪರ್ ಸಮೇತ ಎದ್ದು ಮರದ ತುಂಡುಗಳನ್ನು ಬೀಸುತ್ತ ಪಟಪಟನೆ ಬಡಿದುಕೊಳ್ಳತೊಡಗಿತು.

"ಮೇಲೆ ಹತ್ತಿ ಹಗ್ಗ ಹಿಡಿಯಿರಿ!" ಎಂದು ಕೂಗಿದೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಏಣಿಗೆ ಕಾಲಿಟ್ಟ. ಮೇಸ್ತ್ರಿ ಹಿಂದಿನಿಂದ ಅವನ ಅಂಗಿ ಹಿಡಿದು ಕೆಳಗೆಳೆದರು. "ಯಾರೂ ಹತ್ತುವುದಿಲ್ಲ" ಎಂದರು. ಜೋರಾಗಿಯೂ ಹೇಳಲಿಲ್ಲ. ಒಂದು ಕ್ಷಣ ನನಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ. ನನ್ನ ಕಣ್ಣಲ್ಲಿದ್ದದ್ದು ಪುಸ್ತಕಗಳು ಮಾತ್ರ. ತುದಿ ಕೊಳೆತ ಒದ್ದೆ ಮರ, ಅದರ ಮೇಲೆ ಬರಿಗಾಲಿನ ಹುಡುಗ, ಬೀಸುತ್ತಿರುವ ಹಗ್ಗ. ಇವು ನನ್ನ ಕಣ್ಣಿಗೆ ಬಿದ್ದದ್ದು ಮರುಕ್ಷಣ. ನೀರಲ್ಲಿ ನೆನೆದ ಪುಸ್ತಕಕ್ಕಿಂತ ಹೆಚ್ಚಾಗಿ ಆ ಕೂಗು ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

"ಒಳಗೆ ಬನ್ನಿ" ಎಂದು ಮೇಸ್ತ್ರಿ ಎಲ್ಲರನ್ನೂ ರೆಕಾರ್ಡು ಕೊಠಡಿಗೆ ಕರೆದೊಯ್ದರು. ಮೊದಲ ಹನಿಗಳ ಹಿಂದೆಯೇ ಆಲಿಕಲ್ಲು. ಅಟ್ಟದ ಹಲಗೆಯ ಮೇಲೆ ಹುರಿಗಡಲೆ ಸುರಿದ ಸದ್ದು, ಆಮೇಲೆ ಸಂದಿಗಳಿಂದ ಧಾರೆ. ಶಿರಸ್ತೇದಾರ್ ಮೇಡಂ ಬೀಗದ ಕೈಗೊಂಚಲು ಹಿಡಿದು ಓಡಿ ಬಂದರು. ಯಾವ ಕಪಾಟು ಮೊದಲು ಎಂದು ಅವರೊಬ್ಬರಿಗೇ ಗೊತ್ತಿತ್ತು. "ಈ ಸಾಲು, ಆಮೇಲೆ ಆ ಸಾಲು" ಎಂದು ತೋರಿಸಿದರು. ಆಳುಗಳು, ಗುಮಾಸ್ತರು, ಅರ್ಜಿ ಹಿಡಿದು ಬಂದಿದ್ದ ಹೆಂಗಸರು ಎಲ್ಲರೂ ಸಾಲು ನಿಂತು ರುಮಾಲುಗಳನ್ನು ಕೈಯಿಂದ ಕೈಗೆ ವರಾಂಡಕ್ಕೆ ಸಾಗಿಸಿದರು. ಇಪ್ಪತ್ತೈದು ನಿಮಿಷ ಮಳೆ. ನಿಂತಾಗ ನೆಲದಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಅದರ ಮೇಲೆ ಆಲಿಕಲ್ಲು ತೇಲುತ್ತಿತ್ತು.

ಮೇಲಿನ ಎರಡು ಹಲಗೆಗಳ ನಲವತ್ತೊಂದು ಪುಸ್ತಕ ನೆನೆದಿದ್ದವು. ಬಿಸಿಲಿಗೆ ಹಾಕಲು ಹೊರಟಿದ್ದೆವು. ದಾಖಲೆ ಸಂರಕ್ಷಣೆ ಬಲ್ಲ ಗೆಳತಿಯೊಬ್ಬಳಿಗೆ ಫೋನ್ ಮಾಡಿದ್ದರಿಂದ ಅದೊಂದು ತಪ್ಪಿತು. ಬಿಸಿಲಲ್ಲಿ ಕಾಗದ ಮುರುಟಿ ಸೆಟೆದುಕೊಳ್ಳುತ್ತದೆ, ಹಾಗೇ ಬಿಟ್ಟರೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ, ಪುಟಗಳ ನಡುವೆ ಒತ್ತುಕಾಗದ ಇಟ್ಟು ಬದಲಿಸುತ್ತ ಇರಬೇಕು. ಮೂರು ರಾತ್ರಿ ಮೇಡಂ ಮತ್ತು ನಾನು ಅದನ್ನೇ ಮಾಡಿದೆವು. ಅವರು ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ.

ಪರಿಷ್ಕೃತ ಅಂದಾಜು ಪಟ್ಟಿಯಲ್ಲಿ ಚಪ್ಪರ ಮೊದಲನೆಯ ಸಾಲಾಯಿತು. ಗೋಡೆಗೆ ತಾಗದಂತೆ ನೆಲದಿಂದಲೇ ಎಬ್ಬಿಸಿದ ಕಬ್ಬಿಣದ ಕೊಳವೆಗಳ ಮೇಲೆ ತಗಡು. ಹೆಚ್ಚುವರಿ ಬಾಬುಗಳ ದರಪಟ್ಟಿಯಾದ ಇಐಆರ್‌ಎಲ್ ಮಂಜೂರಾಗಲು ಆರು ವಾರ ಹಿಡಿಯಿತು. ಎರಡು ಸಲ ಕಡತ ವಾಪಸು ಬಂತು, "ಮೂಲ ಅಂದಾಜಿನಲ್ಲಿ ಇಲ್ಲದ್ದು ಈಗ ಏಕೆ?" ಎಂಬ ಪ್ರಶ್ನೆಯೊಂದಿಗೆ. ಮೂಲ ಅಂದಾಜಿನಲ್ಲಿ ಇತ್ತು, ಹೊಡೆದು ಹಾಕಿದ್ದು ನಾನು ಎಂದು ಬರೆದು ಸಹಿ ಮಾಡಿ ಕಳುಹಿಸಿದೆ. ಹಾಗೆ ಬರೆಯಬೇಡಿ ಎಂದು ಕಚೇರಿಯಲ್ಲಿ ಇಬ್ಬರು ಹೇಳಿದರು. ಬೇರೆ ಏನು ಬರೆಯಬಹುದಿತ್ತೋ ನನಗೆ ತಿಳಿಯಲಿಲ್ಲ. ಮರಮುಟ್ಟಿನ ಸಂಪೂರ್ಣ ಬದಲಾವಣೆಯೂ ಹೋಯಿತು, ಹದಿನಾಲ್ಕು ತುದಿಗಳಿಗೆ ಮಾತ್ರ ಹೊಸ ತೇಗ ಕೂಡಿಸಿದೆವು, ಸುತ್ತ ಗಾರೆ ತುಂಬಿದೆವು. ಉಳಿದ ಹಣ ಚಪ್ಪರದ ವೆಚ್ಚಕ್ಕಿಂತ ಹೆಚ್ಚಿತ್ತು. ಅಂದರೆ ಮೊದಲ ದಿನವೇ ಅಟ್ಟ ಹತ್ತಿದ್ದರೆ ಕೆಂಪು ಪೆನ್ನು ತೆಗೆಯುವ ಪ್ರಮೇಯವೇ ಇರಲಿಲ್ಲ. ಗಟ್ಟಿಯಿದ್ದ ಹಳೆಯ ಹೆಂಚನ್ನೆಲ್ಲ ಬೀದಿಯ ಕಡೆಯ ಇಳಿಜಾರಿಗೆ ಹೊದಿಸಿ, ಒಂದೇ ಅಚ್ಚಿನ ಹೊಸ ಹೆಂಚನ್ನು ಹಿಂಬದಿಗೆ ಹಾಕಿದೆವು. ಈ ವಿಂಗಡಣೆಯೂ ಮೇಸ್ತ್ರಿಯದೇ.

ಕೆಲಸ ಮುಗಿದ ಮೇಲೆ ಅಳತೆ ಪುಸ್ತಕ (ಎಂ.ಬಿ.) ಬರೆಯಲು ಹೋಗಿದ್ದ ದಿನ ಒಬ್ಬ ವಯಸ್ಸಾದ ರೈತರು ಹಳೆಯ ಪಹಣಿಯ ನಕಲು ಕೇಳಿ ಬಂದಿದ್ದರು. ಮೇಡಂ ತೆರೆದದ್ದು ಆ ನಲವತ್ತೊಂದರಲ್ಲಿ ಒಂದನ್ನು. ಪುಟ ಅಲೆಯಲೆಯಾಗಿತ್ತು, ಅಂಚಿನಲ್ಲಿ ಚಹಾ ಬಣ್ಣದ ಗೆರೆ. ರೈತರ ತಂದೆಯ ಹೆಸರು ಸ್ಪಷ್ಟವಾಗಿತ್ತು. ಸರ್ವೆ ನಂಬರಿನ ಕೊನೆಯ ಅಂಕಿಯ ನೀಲಿ ಶಾಯಿ ಮಾತ್ರ ಹರಡಿಕೊಂಡಿತ್ತು. ೬ ಇರಬಹುದು, ೯ ಇರಬಹುದು. ಮೇಡಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಜೊತೆ ತಾಳೆ ನೋಡಿಸಿಕೊಂಡು ಬನ್ನಿ ಎಂದು ಸರ್ವೆ ಶಾಖೆಗೆ ಒಂದು ಚೀಟಿ ಬರೆದುಕೊಟ್ಟರು.

ಪುಟ ಹೇಗೆ ನೆನೆಯಿತೆಂದು ಆ ರೈತರು ಕೇಳಲಿಲ್ಲ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಸರ್ವೆ ಶಾಖೆ ಎಲ್ಲಿದೆ ಎಂದರು. ಎಂ.ಬಿ. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು, ಅವರ ಜೊತೆ ನಾನೂ ಅಲ್ಲಿಯವರೆಗೆ ಹೋದೆ.