ಟೀಚರೇ, ಒಂದು ಒಳ್ಳೆ ಸ್ಕ್ರಿಪ್ಟ್ ಇದ್ರೆ ಕಳಿಸಿ

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಓಣಂ ಪರೀಕ್ಷೆ ಮುಗಿಯಿತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. "ಟೀಚರೇ, ಹೈಸ್ಕೂಲ್ ಮಕ್ಕಳಿಗೆ ಮಾಡಿಸ್ಲಿಕ್ಕೆ ಒಂದು ಒಳ್ಳೆ ನಾಟಕದ ಸ್ಕ್ರಿಪ್ಟ್ ಉಂಟಾ? ಇದ್ರೆ ವಾಟ್ಸಾಪ್ ಮಾಡಿ ಮಾರಾಯ್ರೆ." ಮಂಜೇಶ್ವರದ ಕಡೆಯಿಂದ ಕೇಳುತ್ತಾರೆ, ಕುಂಬಳೆಯಿಂದ ಕೇಳುತ್ತಾರೆ, ಗಡಿ ದಾಟಿ ವಿಟ್ಲ, ಪುತ್ತೂರಿನಿಂದಲೂ ಕೇಳುತ್ತಾರೆ. ಕೇಳುವವರು ಹೆಚ್ಚಿನವರೂ ನನ್ನ ಹಾಗೆ ಕನ್ನಡ ಟೀಚರ್‌ಗಳು. ಕಲೋತ್ಸವಕ್ಕೆ, ಅಂದರೆ ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಗೆ, ಇನ್ನು ಒಂದೂವರೆ ತಿಂಗಳು ಇರುತ್ತದೆ, ಮಕ್ಕಳು ಬೆನ್ನು ಬಿದ್ದಿರುತ್ತಾರೆ. ಅವರ ಅವಸರ ನನಗೆ ಗೊತ್ತು. ಹಾಗಾಗಿ ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಸ್ಕ್ರಿಪ್ಟ್ ಇದೆ. ಕಳಿಸುತ್ತೇನೆ ಕೂಡ. ಆದರೆ ಅದು ನಿಮ್ಮ ಮಕ್ಕಳ ಬಾಯಿಗೆ ಹಿಡಿಸುವುದು ಕಷ್ಟ. ಯಾಕೆ ಅಂತ ಹೇಳಬೇಕಾದರೆ ನಾನು ಮಾಡಿಸಿದ ಮೊದಲ ನಾಟಕದ ಕಥೆ ಹೇಳಬೇಕು.

ಆ ವರ್ಷ ನಾನೂ ಹೀಗೆಯೇ ಯಾರಿಂದಲೋ ಒಂದು ಸ್ಕ್ರಿಪ್ಟ್ ತರಿಸಿದ್ದೆ. ಬಯಲುಸೀಮೆಯ ಒಂದು ಹಳ್ಳಿ, ಅಲ್ಲಿ ಒಬ್ಬ ಗೌಡ, ಬರಗಾಲ, ಒಂದು ಎತ್ತು. ಒಳ್ಳೆಯ ನಾಟಕವೇ. ಆದರೆ ನಮ್ಮ ಮಕ್ಕಳಿಗೆ "ಯಾಕ್ಲಾ", "ಏನ್ಲಾ" ಎನ್ನುವುದು ಸಿನಿಮಾದಲ್ಲಿ ಮಾತ್ರ ಕೇಳಿದ ಮಾತು. ನಮ್ಮ ತರಗತಿಯಲ್ಲಿ 30 ಮಕ್ಕಳಿದ್ದರೆ ಮನೆಯಲ್ಲಿ ಒಬ್ಬ ತುಳು ಮಾತಾಡುತ್ತಾನೆ, ಒಬ್ಬಳು ಮಲಯಾಳ, ಒಬ್ಬಳು ಹವ್ಯಕ, ಇನ್ನೊಬ್ಬ ಬ್ಯಾರಿ, ಮತ್ತೊಬ್ಬ ಕೊಂಕಣಿ ಅಥವಾ ಮರಾಟಿ. ಕನ್ನಡ ಇವರಿಗೆಲ್ಲ ಶಾಲೆಯ ಭಾಷೆ. ಪ್ರೀತಿಯಿಂದ ಕಲಿತ ಭಾಷೆ, ಆದರೆ ಪುಸ್ತಕದಿಂದ ಕಲಿತದ್ದು. ಅದರ ಮೇಲೆ ನಾನು ಇನ್ನೊಂದು ಊರಿನ ಕನ್ನಡವನ್ನು ಹೇರಿದ್ದೆ.

ಉಪಜಿಲ್ಲಾ ಕಲೋತ್ಸವದ ದಿನ ಗೌಡನ ಪಾತ್ರದ ಹುಡುಗ ನಡುವೆ ಒಂದು ಮಾತು ಮರೆತ. ಮರೆಯುವುದು ದೊಡ್ಡ ವಿಷಯ ಅಲ್ಲ. ಆದರೆ ಪಕ್ಕದಲ್ಲಿದ್ದ ಮಕ್ಕಳಲ್ಲಿ ಒಬ್ಬರಿಗೂ ಆ ಜಾಗ ತುಂಬಿಸಲು ಆಗಲಿಲ್ಲ. ಎಲ್ಲರೂ ಅವನ ಬಾಯಿ ನೋಡುತ್ತ ನಿಂತರು. ಹೆಗಲಿಗೆ ಹಾಕಿದ್ದ ಕಂಬಳಿಯ ತುದಿಯನ್ನು ಅವನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಪಕ್ಕದ ಪರದೆಯ ಹಿಂದೆ ನಿಂತು ನಾನು ಮಾತು ಹೇಳಿಕೊಟ್ಟೆ. ಅವನಿಗೆ ಕೇಳಿಸಲಿಲ್ಲ. ಎಷ್ಟು ಹೊತ್ತು ಹಾಗೆ ಕಳೆಯಿತೋ, ನನಗಂತೂ ಒಂದು ಪೀರಿಯಡ್ ಕಳೆದ ಹಾಗಾಯಿತು. ತಪ್ಪು ಅವನದಲ್ಲ, ನನ್ನದು. ಮುಂದೆ ಏನಾಗುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಇತ್ತು, ಯಾಕೆ ಆಗುತ್ತದೆ ಎಂದು ಗೊತ್ತಿರಲಿಲ್ಲ.

2019ರಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮ ಜಿಲ್ಲೆಗೇ ಬಂತು. ಕಾಞಂಗಾಡಿನಲ್ಲಿ, ನವೆಂಬರ್ 28ರಿಂದ ಡಿಸೆಂಬರ್ 1ರ ತನಕ. ಅದು 60ನೇ ಕಲೋತ್ಸವ. ಗಡಿಯಾಚೆಯ ಗೆಳೆಯರಿಗೆ ಇದು ಎಷ್ಟು ದೊಡ್ಡ ಹಬ್ಬ ಅಂತ ಅಂದಾಜು ಇರಲಿಕ್ಕಿಲ್ಲ. ಕೇರಳ ರಾಜ್ಯ ಆದದ್ದು 1956ರ ನವೆಂಬರ್ 1ಕ್ಕೆ. ಮರು ಜನವರಿಯಲ್ಲೇ, 1957ರಲ್ಲಿ, ಎರ್ನಾಕುಳಂನಲ್ಲಿ ಮೊದಲ ಶಾಲಾ ಯುವಜನೋತ್ಸವ ನಡೆಯಿತು, ಅದೇ ಇವತ್ತಿನ ಕಲೋತ್ಸವ. ಶಾಲೆ, ಉಪಜಿಲ್ಲೆ, ಜಿಲ್ಲೆ, ಆಮೇಲೆ ರಾಜ್ಯ, ಹೀಗೆ ಮೆಟ್ಟಿಲು ಹತ್ತಿ ಬರುವ ಸಾವಿರಾರು ಮಕ್ಕಳು ಅಲ್ಲಿ ಸೇರುತ್ತಾರೆ.

ನಾನು ಆರು ಮಕ್ಕಳನ್ನು ಬಸ್ಸಿನಲ್ಲಿ ಕರಕೊಂಡು ಹೋಗಿದ್ದೆ, ಸುಮ್ನೆ ನಾಟಕ ನೋಡಲಿಕ್ಕೆ. ನಾಟಕಗಳೆಲ್ಲ ಮಲಯಾಳದಲ್ಲಿ. ಎರಡು ನಾಟಕ ಆಗುವಾಗ ಒಬ್ಬಳು ನನ್ನ ಕಿವಿಯಲ್ಲಿ ಹೇಳಿದಳು, "ಟೀಚರೇ, ಇವರ ಮಲಯಾಳ ನಮ್ಮ ಮಲಯಾಳ ಟೀಚರ್ ಮಾತಾಡುವ ಹಾಗೆ ಇಲ್ಲ." ನಿಜ. ಒಂದು ತಂಡ ಕಡಲ ಕರೆಯವರ ಮಾತು ಆಡುತ್ತಿತ್ತು, ಇನ್ನೊಂದು ಗುಡ್ಡದ ಕಡೆಯವರ ಮಾತು. ಪುಸ್ತಕದ ಮಲಯಾಳ ಇದ್ದದ್ದು ಒಬ್ಬ ಅಧಿಕಾರಿಯ ಪಾತ್ರದ ಬಾಯಲ್ಲಿ ಮಾತ್ರ. ಆ ಮಕ್ಕಳು ಎಷ್ಟು ಆರಾಮಾಗಿ ನಿಂತಿದ್ದರು ಅಂದರೆ, ಅದು ಅವರ ಮನೆಯಂಗಳವೇ ಏನೋ ಅನ್ನಿಸುತ್ತಿತ್ತು.

ಹಿಂದೆ ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಯಕ್ಷಗಾನ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳನ್ನು ಕೇಳಿ ಬೆಳೆದ ಊರು ನಮ್ಮದು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಪದ್ಯ ಹೇಳುತ್ತಾರೆ, ಮಾತು ವೇಷಧಾರಿಯದ್ದು. ಅವನು ಕಥೆ ತಿಳಿದಿರುತ್ತಾನೆ, ಪಾತ್ರ ತಿಳಿದಿರುತ್ತಾನೆ, ಎದುರಿನವನು ಏನು ಹೇಳಿದ ಎಂದು ಕೇಳಿಸಿಕೊಂಡು ಉತ್ತರ ಕೊಡುತ್ತಾನೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಅರ್ಥ ಹೇಳುವುದೇ ಎಲ್ಲ. ಬರೆದ ಮಾತಿಲ್ಲದೆ ರಾತ್ರಿ ಬೆಳಗು ಮಾಡುವ ಜನ ನಾವು, ಅರ್ಧ ಗಂಟೆಯ ನಾಟಕಕ್ಕೆ ಇನ್ನೊಂದು ಊರಿನ ಸ್ಕ್ರಿಪ್ಟಿಗೆ ಕಾಯುವುದು ಯಾಕೆ?

ಮತ್ತೆ ಕೋವಿಡ್ ಬಂತು. ಎರಡು ವರ್ಷ ಕಲೋತ್ಸವವೇ ಇರಲಿಲ್ಲ. 2022ರ ಜೂನ್‌ನಲ್ಲಿ ಶಾಲೆ ಶುರುವಾದಾಗ ನಾನು ಒಂಬತ್ತನೇ ತರಗತಿಯವರಿಗೆ ಒಂದು ಕೆಲಸ ಕೊಟ್ಟೆ. "ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಹತ್ತಿರ ಕೇಳಿ, ಅವರಿಗೆ ತುಂಬ ಹೆದರಿಕೆ ಆದ ಒಂದು ದಿನ ಯಾವುದು ಅಂತ. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ ನನಗೆ ಬಂದು ಹೇಳಿ." ನೆರೆಯ ಕಥೆ ಬಂತು, ಹಾವಿನ ಕಥೆ ಬಂತು, ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದ ಕಥೆಯೂ ಬಂತು. ಈ ಕೊನೆಯದರ ಬಗ್ಗೆ ಒಂದು ಮಾತು. ನಾಟಕ ಅಂದ ಕೂಡಲೇ ಹೊರಗಿನವರು ನಮಗೆ ಸೂಚಿಸುವ ವಿಷಯ ಇದೊಂದೇ. ಮಾಡಬಾರದು ಅಂತ ಅಲ್ಲ, ಮಾಡಲೇಬೇಕು. ಆದರೆ ನಮ್ಮ ತರಗತಿಯ ಒಬ್ಬಳ ಅಣ್ಣ ಇವತ್ತಿಗೂ ಹಾಸಿಗೆಯಲ್ಲಿದ್ದಾನೆ. ಅವಳು "ಬೇಡ ಟೀಚರ್" ಅಂದಳು. ಅಲ್ಲಿಗೆ ಅದು ಬೇಡ.

ನಾವು ತೆಗೆದುಕೊಂಡದ್ದು ಸುರಂಗದ ಕಥೆ. ಒಬ್ಬ ಹುಡುಗನ ಅಜ್ಜ ಸುರಂಗ ತೋಡುವ ಕೆಲಸ ಮಾಡಿದವರು. ಬೇರೆ ಕಡೆಯವರಿಗೆ ಸುರಂಗ ಅಂದರೆ ರೈಲು ನೆನಪಾಗಬಹುದು. ನಮ್ಮಲ್ಲಿ ಅದು ನೀರು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗುಡ್ಡಕ್ಕೆ ಅಡ್ಡಕ್ಕೆ ತೂತು ಕೊರೆದ ಹಾಗೆ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ, ಒಳಗೆ ಒಳಗೆ ತೋಡುತ್ತಾ ಹೋಗುವುದು. ನೀರಿನ ಒರತೆ ಸಿಕ್ಕಿದರೆ ಅದು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ನೀರನ್ನು ಕೆರೆಗೆ ಬಿಟ್ಟರೆ ಆಯಿತು. ಎಷ್ಟೋ ತೋಟ ಬದುಕಿದ್ದೇ ಹಾಗೆ.

ಅಜ್ಜನನ್ನೇ ಶಾಲೆಗೆ ಕರೆಸಿದೆವು. ಬೈರಾಸು ಹೆಗಲಿಗೆ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತರು. ಎಷ್ಟು ಉದ್ದ ತೋಡಿದ್ದೀರಿ ಅಂದರೆ ಕೋಲಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋಗುವಾಗ ಮೇಣದ ಬತ್ತಿ ಉರಿಸಿ ಇಟ್ಟುಕೊಳ್ಳುತ್ತಾರೆ, ಅದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಮಂಕಾದರೆ ಗಾಳಿ ಕಮ್ಮಿ ಆಗಿದೆ ಅಂತ ಲೆಕ್ಕ, ಹೊರಗೆ ಬರಬೇಕು. ಒಂದು ದಿನ ಬತ್ತಿ ಮಂಕಾದದ್ದು ನೋಡಿಯೂ ಅವರು ಬರಲಿಲ್ಲವಂತೆ. ಕಲ್ಲು ಒದ್ದೆ ಇತ್ತು. ನೀರು ಹತ್ತಿರ ಇದೆ ಅಂತ ಕೈಗೆ ಗೊತ್ತಾಗುತ್ತಿತ್ತು. "ಇನ್ನೊಂದು ಪೆಟ್ಟು, ಇನ್ನೊಂದು ಪೆಟ್ಟು ಅಂತ ಕಂಡಿತು" ಎಂದು ಹೇಳಿ ಅಜ್ಜ ಸುಮ್ಮನಾದರು. ಮಕ್ಕಳೂ ಸುಮ್ಮನಾದರು. ನಾಟಕ ಅಲ್ಲಿ ಸಿಕ್ಕಿತು ನಮಗೆ.

ನಾಟಕಕ್ಕೆ ಇರುವ ಸಮಯ 30 ನಿಮಿಷ. ಮಕ್ಕಳು 10 ಜನ. ವೇದಿಕೆಯ ಮೇಲೆ ಸುರಂಗ ತೋರಿಸುವುದು ಹೇಗೆ? ಮೊದಲು ಥರ್ಮೋಕೋಲ್, ಬಣ್ಣದ ಬಟ್ಟೆ ಅಂತೆಲ್ಲ ಮಾತಾಡಿದೆವು. ದುಡ್ಡೂ ಇಲ್ಲ, ಸಾಗಿಸಲಿಕ್ಕೆ ಗಾಡಿಯೂ ಇಲ್ಲ. ಕೊನೆಗೆ ಮಕ್ಕಳೇ ಸುರಂಗ ಆದರು. ನಾಲ್ಕು ಮಂದಿ ಈ ಕಡೆ, ನಾಲ್ಕು ಮಂದಿ ಆ ಕಡೆ, ಎದುರು ಬದುರು ನಿಂತು ತಲೆಯ ಮೇಲೆ ಅಂಗೈಗೆ ಅಂಗೈ ಜೋಡಿಸಿದರು. ಬಾಗಿಲ ಹತ್ತಿರದವರು ನೆಟ್ಟಗೆ ನಿಂತರು, ಒಳಗೆ ಹೋದ ಹಾಗೆ ಬಗ್ಗುತ್ತಾ ಹೋದರು, ಕೊನೆಯ ಇಬ್ಬರು ಮೊಣಕಾಲೂರಿದರು. ತಲೆಗೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಇಟ್ಟುಕೊಂಡು ಅಜ್ಜನ ಮೊಮ್ಮಗನೇ ಅದರೊಳಗೆ ನುಸುಳುತ್ತಿದ್ದ. ಎಂಟೂ ಮಂದಿ ಒಟ್ಟಿಗೆ ಉಸಿರು ಎಳೆಯುತ್ತಿದ್ದರು, ಒಟ್ಟಿಗೆ ಬಿಡುತ್ತಿದ್ದರು. ಗುಡ್ಡದ ಹೊಟ್ಟೆಯ ಸದ್ದು ಅದು.

ವೇದಿಕೆಯಲ್ಲಿ ಬೆಂಕಿ ಬೇಡ ಅಂತ ನಾನೇ ಹೇಳಿದ್ದೆ. ಹಾಗಾದರೆ ಬತ್ತಿ ಮಂಕಾಗುವುದನ್ನು ತೋರಿಸುವುದು ಹೇಗೆ? ಆ ಹುಡುಗ ಮನೆಯಿಂದ ಒಂದು ಸಣ್ಣ ಟಾರ್ಚ್ ತಂದ. ಅಂಗೈಯಲ್ಲಿ ಇಟ್ಟು ಮೇಲೆ ಮುಖ ಮಾಡಿ ಹಿಡಿದ. ನಿಧಾನಕ್ಕೆ ಬೆರಳು ಮುಚ್ಚಿದ. ಬೆರಳ ಸಂದಿಯಲ್ಲಿ ಬೆಳಕು ಕೆಂಪಾಯಿತು, ಉಗುರಿನ ಸುತ್ತ ಕೆಂಪಾಯಿತು, ಆಮೇಲೆ ಬರೀ ಒಂದು ಕೆಂಡದಷ್ಟು ಉಳಿಯಿತು. ತರಗತಿಯ ಕಿಟಕಿ ಮುಚ್ಚಿ ಅದನ್ನು ಮೊದಲ ಸಲ ನೋಡಿದಾಗ ನಾವು ಯಾರೂ ಮಾತಾಡಲಿಲ್ಲ. ಇದನ್ನು ಯಾವ ಸ್ಕ್ರಿಪ್ಟಿನಲ್ಲಿ ಬರೆದು ಕಳಿಸಲಿ?

ಮಾತಿನ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಸಂಶಯ ಪಡುವುದು ಅಲ್ಲಿಯೇ. ನಾನು ಮೊದಲು ಬರೆದುಕೊಟ್ಟದ್ದು "ಯಜಮಾನರೇ, ನೀರು ದೊರೆಯಿತು!" ಅಂತ. ಆ ಮೊಮ್ಮಗ ಅದನ್ನು ಹಾಜರಿ ಹೇಳಿದ ಹಾಗೆ ಹೇಳುತ್ತಿದ್ದ. ಹತ್ತು ದಿನ ತಿದ್ದಿದೆ. ಕಡೆಗೆ, "ನಿನ್ನ ಅಜ್ಜ ಆ ದಿನ ಎಂತ ಹೇಳಿರಬಹುದು?" ಅಂತ ಕೇಳಿದೆ. "ನೀರ್ ಬತ್ತ್ಂಡ್!" ಅಂದ, ತುಳುವಿನಲ್ಲಿ. ನೀರು ಬಂತು, ಅಷ್ಟೇ. ಆದರೆ ಆ ಒಂದು ಮಾತಿಗೆ ಹೊರಗೆ ಕಾಯುತ್ತಿದ್ದ ತೋಟದ ಯಜಮಾನನ ಪಾತ್ರದವಳು ತಾನಾಗಿ ಎದ್ದು ಓಡಿ ಬಂದಳು. ಅವಳ ಮನೆಮಾತು ಹವ್ಯಕ. ಬಾಯಿಂದ ಬಂದದ್ದು "ಎಂತ ಆತು?" ಆ ಮೇಲೆ ನಾನು ಆ ಜಾಗ ಮುಟ್ಟಲಿಲ್ಲ.

"ಕನ್ನಡ ನಾಟಕದಲ್ಲಿ ತುಳು ಬಂದರೆ ಮಾರ್ಕ್ ಹೋಗುವುದಿಲ್ವಾ?" ಅಂತ ಕೇಳುತ್ತೀರಿ. ಹೋದರೆ ಹೋಗಲಿ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಟ್ಟಿದ್ದೆ. ನಾಟಕದ ಮೈ ಕನ್ನಡವೇ. ಈ ಊರಲ್ಲಿ ತುಳುವರು, ಹವ್ಯಕರು, ಮಲಯಾಳಿಗಳು ಒಟ್ಟಿಗೆ ಕೂತಾಗ ಎಲ್ಲರಿಗೂ ಸಿಗುವ ಹಾಗೆ ಆಡುವ ನಮ್ಮ ಕನ್ನಡ. ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಮಾತ್ರ ಮನೆಯ ಮಾತು ಬರುತ್ತದೆ. ನಿಜವಾಗಿಯೂ ಹಾಗೇ ಅಲ್ವಾ? ಕನ್ನಡಕ್ಕೆ ಇದರಿಂದ ಏನೂ ಕಮ್ಮಿ ಆಗಲಿಲ್ಲ. ಆ ವರ್ಷ ಆ 10 ಮಕ್ಕಳು ಆಡಿದಷ್ಟು ಕನ್ನಡವನ್ನು ನನ್ನ ಪಾಠದ ಪೀರಿಯಡ್‌ಗಳಲ್ಲಿ ಯಾವತ್ತೂ ಆಡಿರಲಿಲ್ಲ.

ಹಾಗಂತ ದೊಡ್ಡವರು ಬರೆದ ನಾಟಕ ಬೇಡ ಅಂತ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು ಏಕಲವ್ಯನ ಕಥೆಯನ್ನು "ಹೆಬ್ಬೆರಳು" ಎಂಬ ಪದ್ಯನಾಟಕವಾಗಿ ಬರೆದಿದ್ದಾರೆ. ಅದನ್ನು ಮಾಡಿಸುವುದಾದರೆ ಜೂನ್‌ನಲ್ಲೇ ಶುರು ಮಾಡಿ, ಒಂದು ಅಕ್ಷರ ಬದಲಿಸಬೇಡಿ, ಆ ಕನ್ನಡ ಮಕ್ಕಳ ನಾಲಿಗೆಗೆ ಇಳಿಯುವ ತನಕ ದಿನಾ ಓದಿಸಿ. ಅದೂ ಒಂದು ದಾರಿ. ಒಂದೂವರೆ ತಿಂಗಳಲ್ಲಿ ಆಗುವ ಕೆಲಸ ಅಲ್ಲ, ಅಷ್ಟೇ.

ಇನ್ನೊಂದು ವಿಷಯ. ಮೊದಲ ಸಲ ಪೂರ್ತಿ ಆಡಿಸಿದಾಗ ನಮ್ಮ ನಾಟಕ 38 ನಿಮಿಷ ಹೋಯಿತು. ಎಂಟು ನಿಮಿಷ ಕತ್ತರಿಸಬೇಕು. ನಾನು ಮೊದಲು ತೆಗೆದದ್ದು ಕೊನೆಯ ದೃಶ್ಯ. ಎಲ್ಲರೂ ಸಾಲಾಗಿ ನಿಂತು "ನೀರು ಉಳಿಸಿ, ನೆಲ ಉಳಿಸಿ" ಅನ್ನುವುದು. ಶಾಲೆಯಲ್ಲಿ ಹಲವರಿಗೆ ಬೇಸರ ಆಯಿತು, ಸಂದೇಶವೇ ಇಲ್ಲದೆ ನಾಟಕ ಹೇಗೆ ಅಂತ. ಕತ್ತಲಲ್ಲಿ ಒಬ್ಬಳು ನಾಲಿಗೆಯಲ್ಲಿ ಟಿಕ್ ಎಂದು ಒಂದು ಹನಿ ಬೀಳಿಸುತ್ತಾಳೆ, ಪಕ್ಕದವಳು ಇನ್ನೊಂದು, ಹಾಗೇ ಎಂಟೂ ಮಂದಿ ಸೇರಿ ಅದು ಹರಿಯುವ ಸದ್ದಾಗುತ್ತದೆ. ಅಲ್ಲಿಗೆ ಮುಗಿಸಿದೆವು. ಜಿಲ್ಲೆಗೆ ಹೋಗಲಿಲ್ಲ ನಾವು. ಎ ಗ್ರೇಡ್ ಸಿಕ್ಕಿತು, ಮೊದಲನೇ ಸ್ಥಾನ ಬೇರೆ ಶಾಲೆಗೆ. ಮೂರನೇ ಸಾಲಿನಲ್ಲಿ ಕೂತಿದ್ದ ಅಜ್ಜ ನಾಟಕ ಮುಗಿದ ಮೇಲೆ ಮೊಮ್ಮಗನ ಹತ್ತಿರ ಹೋಗಿ ಅವನ ಅಂಗೈ ತಿರುಗಿಸಿ ನೋಡಿದರು, ಟಾರ್ಚ್ ಬಿಸಿಗೆ ಸುಟ್ಟಿದೆಯಾ ಅಂತ.

ಸ್ಕ್ರಿಪ್ಟ್ ಬೇಕಾದವರು ಖಂಡಿತ ಕೇಳಿ. 11 ಪುಟ ಇದೆ, ಫೋಟೋ ತೆಗೆದು ಕಳಿಸುತ್ತೇನೆ. ಎಂಟನೇ ಪುಟದಲ್ಲಿ ನಾಲ್ಕು ಗೆರೆ ಖಾಲಿ ಕಾಣಿಸುತ್ತದೆ, ಪುಟ ಸರಿಯಾಗಿ ಬಂದಿಲ್ಲ ಅಂತ ಫೋನ್ ಮಾಡಬೇಡಿ. ಬತ್ತಿ ಮಂಕಾಗುತ್ತಿರುವಾಗ ಸುರಂಗದೊಳಗೆ ಅವನು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುವ ಜಾಗ ಅದು. ನಮ್ಮ ಹುಡುಗ ದಿನಕ್ಕೊಂದು ಹೇಳುತ್ತಿದ್ದ, ನಾನು ಬರೆದಿಟ್ಟುಕೊಳ್ಳಲಿಲ್ಲ. ಅಲ್ಲಿ ನಿಮ್ಮ ಹುಡುಗನೋ ಹುಡುಗಿಯೋ ಎಂತ ಹೇಳುತ್ತಾರೆ ಅಂತ ನನಗೆ ಬರೆದು ತಿಳಿಸಿ.