ಜಪಾನಿನ ಕಟಗಿ

“ಏ ಯಪ್ಪಾ, ಅಷ್ಟು ದೂರದಿಂದ ಕಟಗಿ ಹೊತ್ಕೊಂಡು ಬಂದಿಯೇನು?”

ಭಾನುವಾರದಿಂದ ಅವ್ವನ ಈ ಮಾತು ಕಿವಿಯಲ್ಲೇ ಕೂತಿದೆ. ಜಪಾನಿನಿಂದ ಬಂದ ನನ್ನ ತಮ್ಮ ಸೂಟ್‌ಕೇಸಿನಿಂದ ತೆಗೆದದ್ದು ಗೊಬೊ ಎಂಬ ಬೇರು. ಹೆಬ್ಬೆರಳ ದಪ್ಪ, ಮೊಳದುದ್ದ, ಮಣ್ಣಿನ ಬಣ್ಣ. ಥೇಟ್ ತೊಗರಿ ಕಟಗಿ. ಕಲಬುರಗಿಯವರ ಕಣ್ಣಿಗೆ ಬೇರೇನು ಕಾಣಬೇಕು? ಗ್ಯಾಸ್ ಬರುವ ತನಕ ಅವ್ವ ಒಲೆಗಿಟ್ಟದ್ದೇ ಅದನ್ನು.

ತಮ್ಮನಿಗೊಂದು ಚಟ: ಏನು ತಂದರೂ ಜೊತೆಗೊಂದು ಪಾಠ. ಇದೂ ನಮ್ಮ ಕುಸುಬಿಯೂ ಒಂದೇ ಕುಟುಂಬದವಂತೆ. ಇದರ ಕಾಯಿಗೆ ಕೊಕ್ಕೆಮುಳ್ಳು. ಉತ್ತರಾಣಿಯ ಹಾಗೆ ಬಟ್ಟೆಗೆ ಹತ್ತಿಕೊಳ್ಳುತ್ತದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬವನು ತನ್ನ ನಾಯಿಯ ಮೈಗೆ ಹತ್ತಿದ್ದ ಇದನ್ನು ನೋಡಿಯೇ ವೆಲ್ಕ್ರೋದ ದಾರಿ ಹಿಡಿದನಂತೆ. “ನಿನ್ನ ಬಿಪಿ ಮಷಿನ್ ಪಟ್ಟಿ ಚರ್ರ್ ಅಂತದಲ್ಲವ್ವಾ, ಅದೇ.” ಅವ್ವ ಒಳಗೆ ಹೋಗಿ ಪಟ್ಟಿ ತಂದು ಎರಡು ಸಲ ಚರ್ರ್ ಅನ್ನಿಸಿ ನೋಡಿದಳು. ಪಾಠದಲ್ಲಿ ಅವಳಿಗೆ ದಕ್ಕಿದ್ದು ಅಷ್ಟೇ.

ನಾನು ಪೀಲರ್ ಹಿಡಿದಿದ್ದೆ. ಅವ್ವ ಕಸಿದುಕೊಂಡಳು. “ಶುಂಠಿ ಕೆರದಂಗ ಕೆರಿಬೇಕು, ರುಚಿ ಸಿಪ್ಪಿ ಹತ್ರನೇ ಇರ್ತದ,” ಎಂದು ಚಾಕುವಿನ ಬೆನ್ನಿನಿಂದ ಕೆರೆಯತೊಡಗಿದಳು. ತಮ್ಮ ಬಾಯಿ ಬಿಟ್ಟ. ಜಪಾನಿನಲ್ಲೂ ಹಾಗೇ ಮಾಡುತ್ತಾರಂತೆ! ಆಮೇಲೆ ಅವನು ಪೆನ್ಸಿಲ್ ಚೂಪು ಮಾಡಿದ ಹಾಗೆ ಬೇರನ್ನು ತಿರುಗಿಸುತ್ತ ಸಿಬಿರು ಸಿಬಿರಾಗಿ ಹೆರೆದ. ಗಾಳಿ ತಾಗಿದ್ದೇ ತಡ, ಕಪ್ಪಾಗತೊಡಗಿತು. ಎಣ್ಣೆಗಾಯಿ ಬದನೆಯ ಹಾಗೆ ನೀರಿಗೆ ಹಾಕಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಬಹಳ ಹೊತ್ತು ಬಿಟ್ಟರೆ ಘಮ ಹೋಗುತ್ತದೆಂದು ತಮ್ಮ ಗಡಿಯಾರ ನೋಡುತ್ತ ನಿಂತ.

ಅಲ್ಲಿ ಇದನ್ನು ಗಜ್ಜರಿಯ ಜೊತೆ ಎಳ್ಳೆಣ್ಣೆಯಲ್ಲಿ ಹುರಿದು, ಸೋಯಾ ಸಾಸ್, ಮಿರಿನ್ ಹಾಕಿ ಕಿನ್‌ಪಿರಾ ಮಾಡುತ್ತಾರೆ. ಮಿರಿನ್ ಅಕ್ಕಿಯ ಸಿಹಿ ಮದ್ಯ. ನಮ್ಮ ಮನೆಯಲ್ಲಿ ಅದರ ಜಾಗಕ್ಕೆ ಬೆಲ್ಲ ಬಂತು. ಎಳ್ಳೆಣ್ಣೆಗೆ ಕುಸುಬಿ ಎಣ್ಣೆ. ಸಾಸ್ ಮಾತ್ರ ಅವ್ವ ಒಂದೇ ಚಮಚ ಹಾಕಿಸಿದಳು, ಬಿಪಿ ನೆಪದಲ್ಲಿ. ಕೊನೆಗೆ ಹುರಿದ ಎಳ್ಳು. ಜೋಳದ ರೊಟ್ಟಿಯೊಳಗೆ ಸುತ್ತಿ ಕಡಿದರೆ ಕರಕರ, ತುಸು ಸಿಹಿ, ಹಿಂದಿನಿಂದ ಮೊದಲ ಮಳೆ ಬಿದ್ದ ಎರೆಮಣ್ಣಿನ ವಾಸನೆ. ಅವ್ವ ಹೊಗಳಲಿಲ್ಲ. ಎರಡನೇ ರೊಟ್ಟಿ ಹಾಕಿಸಿಕೊಂಡಳು.

ರಾತ್ರಿ ಮತ್ತೆ ಆ ಮಾತೇ. ಮಧ್ಯಾಹ್ನ ನಮಗೆಲ್ಲ ಕೇಳಿಸಿದ್ದು “ಕಟಗಿ”, ಅದಕ್ಕೇ ನಕ್ಕದ್ದು. ಅವಳು ಒತ್ತಿ ಹೇಳಿದ್ದು “ಅಷ್ಟು ದೂರ” ಇರಬಹುದೇ? ಎರಡು ವರ್ಷಕ್ಕೊಮ್ಮೆ ಬರುವ ಮಗ, ಹದಿನೈದು ದಿನ ರಜೆ, ಅದರಲ್ಲಿ ಅರ್ಧ ಗೆಳೆಯರ ಪಾಲು. ಕೇಳಿದರೆ ನಿಜ ಹೇಳುವವಳಲ್ಲ. ತಮ್ಮನಿಗೆ ಇದು ಹೊಳೆದಂತಿಲ್ಲ. ಗಂಡುಮಕ್ಕಳಿಗೆ ಇಂಥದ್ದು ಹೊಳೆಯುವುದು ವಿಮಾನ ಹತ್ತಿದ ಮೇಲೆ.

ಉಳಿದ ಗೇಣುದ್ದದ ತುಂಡನ್ನು ಅವ್ವ ಒದ್ದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದಾಳೆ. ನಿನ್ನೆ ಪಕ್ಕದ ಮನೆಯ ಕಾಕುಗೆ ಬಿಚ್ಚಿ ತೋರಿಸುತ್ತಿದ್ದಳು. “ಕಟಗಿ ಅಲ್ರಿ ಇದು. ನಮ್ಮ ಹುಡುಗ ಜಪಾನಿಂದ ತಂದಾನ.”